ಕೈ ಹಿಡಿದು ನಡೆಸುವ ಮೊದಲು: ಕೂಸಿನ ಮನೆಯ ಒಂದು ಮಗುವಿನೊಂದಿಗೆ 14 ವಾರ

ಈ ಲೇಖನಕ್ಕೆ ಆಧಾರ, ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ನನ್ನದೊಂದು ಪಾಠ ಯೋಜನೆ. ಅದರ ಮೊದಲ ಸಾಲು ಹೀಗಿತ್ತು: ‘ಉದ್ದೇಶ: ಮಗುವು ನಾಲ್ಕು ವಾರಗಳಲ್ಲಿ ಆಸರೆಯಿಲ್ಲದೆ ನಡೆಯುವುದು.’ ನಮ್ಮ ಮಾರ್ಗದರ್ಶಕ ಉಪನ್ಯಾಸಕಿ ಅದರ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಬರೆದರು: ‘ಇದು ನಿಮ್ಮ ಉದ್ದೇಶ. ಮಗುವಿನ ಉದ್ದೇಶ ಏನು?’ ಅನುಭವ ಕಾರ್ಯದ 14 ವಾರಗಳಲ್ಲಿ ಐದು ವಾರ ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುಂದಿನ ವರ್ಷ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಆ ಐದು ವಾರ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ಸಿಕ್ಕ ಹಳ್ಳಿಯಲ್ಲಿ ಅಂಗನವಾಡಿಯೂ ಕೂಸಿನ ಮನೆಯೂ ಅಕ್ಕಪಕ್ಕದಲ್ಲಿವೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳಲು ಗ್ರಾಮ ಪಂಚಾಯಿತಿ ನಡೆಸುವ ಕೇಂದ್ರವೇ ಕೂಸಿನ ಮನೆ; ನಮ್ಮ ರಾಜ್ಯದಲ್ಲಿ ಇದು ಶುರುವಾಗಿ ಹೆಚ್ಚು ವರ್ಷವಾಗಿಲ್ಲ. ಬೆಳಿಗ್ಗೆ ಅಂಗನವಾಡಿಯಲ್ಲಿ ಕತೆ, ಹಾಡು, ಚಟುವಟಿಕೆ ಮುಗಿಸಿ ಹನ್ನೊಂದರ ಮೇಲೆ ನಾನು ಕೂಸಿನ ಮನೆಗೆ ಹೋಗುತ್ತಿದ್ದೆ. ಅಲ್ಲಿ ಒಂಬತ್ತು ಮಕ್ಕಳು. ಅವರಲ್ಲಿ ಒಬ್ಬ ಹುಡುಗ ನನ್ನ ಅವಲೋಕನ ಪುಸ್ತಕದ ಅರ್ಧ ಭಾಗವನ್ನು ತುಂಬಿದ. ಮನೆಯವರು ಅವನನ್ನು ಪಾಪು ಎನ್ನುತ್ತಿದ್ದರು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಪಾಪುವಿಗೆ ಆಗ 21 ತಿಂಗಳು. ಚೆನ್ನಾಗಿ ಕೂರುತ್ತಿದ್ದ. ಎರಡು ಬೆರಳಲ್ಲಿ ಒಂದೊಂದೇ ಪುರಿ ಎತ್ತಿ ಬಾಯಿಗಿಡುತ್ತಿದ್ದ. ಕರೆದರೆ ತಿರುಗುತ್ತಿದ್ದ, ಅಮ್ಮ, ಅಜ್ಜಿ, ‘ಟ್ಯಾಕ್ಟು’ ಎಂದೆಲ್ಲ ಹೇಳುತ್ತಿದ್ದ. ಆದರೆ ಅಂಬೆಗಾಲಿಟ್ಟವನೇ ಅಲ್ಲ. ಬೇಕಾದ ಕಡೆಗೆ ಕೂತಲ್ಲಿಂದಲೇ ಒಂದು ಕೈ ಊರಿ ಜರುಗಿ ಜರುಗಿ ಹೋಗುತ್ತಿದ್ದ. ಎತ್ತಿ ನಿಲ್ಲಿಸಿದರೆ ಎರಡರಲ್ಲೊಂದು: ಕಾಲು ಮಡಚಿ ಮೇಲಕ್ಕೆತ್ತಿಕೊಳ್ಳುವುದು, ಇಲ್ಲವೇ ಮಂಡಿಯನ್ನು ಹಿಂದಕ್ಕೆ ಒತ್ತಿ ಕೋಲಿನಂತೆ ಸೆಟೆದು ನಿಂತು ಕೆಲವೇ ಕ್ಷಣದಲ್ಲಿ ಕುಸಿಯುವುದು.

ನಾನು ಮಾಡಿದ್ದು ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ. ಎರಡೂ ಕೈಗಳನ್ನು ಮೇಲಕ್ಕೆ ಹಿಡಿದು ‘ಬಾ ಬಾ’ ಎನ್ನುತ್ತ ಕೋಣೆಯ ಉದ್ದಕ್ಕೂ ನಡೆಸಿದೆ. ದಿನಕ್ಕೆ ಅರ್ಧ ಗಂಟೆ. ಅವನು ತುದಿಗಾಲಲ್ಲಿ ಮುಂದಕ್ಕೆ ವಾಲಿಕೊಂಡು ಬರುತ್ತಿದ್ದ. ಪ್ರಗತಿಯಾಗುತ್ತಿದೆ ಎಂದೇ ಬರೆದುಕೊಂಡೆ.

ತಡ ಎಂದು ಯಾವಾಗ ಹೇಳಬೇಕು ಎಂಬುದನ್ನು ಮೊದಲು ನೋಡೋಣ. ಊರಿನಲ್ಲಿ ಇದಕ್ಕೆ ಇರುವ ಉತ್ತರ ಪಕ್ಕದ ಮನೆಯ ಮಗು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ 816 ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಒಳ್ಳೆಯ ಅಳತೆ ಕೊಡುತ್ತದೆ. ಅದು ಇಂಥ ತಿಂಗಳಿಗೆ ಇಂಥದ್ದು ಎಂದು ಒಂದೇ ದಿನವನ್ನು ಹೇಳುವುದಿಲ್ಲ. ಕಿಟಕಿಯಂತೆ ಒಂದು ಅವಧಿಯನ್ನು ತೋರಿಸುತ್ತದೆ. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಏನಾದರೂ ಹಿಡಿದು ನಿಲ್ಲುವುದು 4.8ರಿಂದ 11.4, ತಾನೇ ನಿಲ್ಲುವುದು 6.9ರಿಂದ 16.9, ತಾನೇ ನಡೆಯುವುದು 8.2ರಿಂದ 17.6. ಒಂಬತ್ತು ತಿಂಗಳಿಗೆ ನಡೆದ ಮಗುವೂ ಹದಿನೇಳು ತಿಂಗಳಿಗೆ ನಡೆದ ಮಗುವೂ ಇಲ್ಲಿ ಸಮಾನ. ಅಂಬೆಗಾಲಿನ ಅವಧಿ 5.2ರಿಂದ 13.5 ತಿಂಗಳು, ಆದರೆ ಶೇಕಡಾ 4.3 ಮಕ್ಕಳು ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋದರು. ಹಾಗಾಗಿ ಅಂಬೆಗಾಲಿಡಲಿಲ್ಲ ಎಂಬುದೊಂದರಿಂದಲೇ ಗಾಬರಿಯಾಗಬೇಕಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಪಾಪು ಹುಟ್ಟಿದ್ದು 34 ವಾರಕ್ಕೆ, ಅಂದರೆ ಆರು ವಾರ ಮುಂಚೆ. ತಾಯಿ ಕಾರ್ಡಿನಲ್ಲಿ ಬರೆದಿತ್ತು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೂ ಆ ವಾರಗಳನ್ನು ಕಳೆದು ನೋಡುತ್ತಾರೆ. 21ರಲ್ಲಿ ಒಂದೂವರೆ ಕಳೆದರೆ ಹತ್ತೊಂಬತ್ತೂವರೆ ತಿಂಗಳು. ಆ ಲೆಕ್ಕದಲ್ಲೂ ನಡಿಗೆಯ ಅವಧಿ ಮುಗಿದಿತ್ತು. ಅಷ್ಟೇ ಅಲ್ಲ, ತಾನೇ ನಿಲ್ಲುವ ಅವಧಿಯೂ ಮುಗಿದಿತ್ತು. ಹೀಗಿದ್ದಾಗ ಮಗುವನ್ನು ಮೊದಲು ಡಾಕ್ಟರಿಗೆ ತೋರಿಸಬೇಕು, ಚಟುವಟಿಕೆ ಆಮೇಲಿನದು. ನಾನು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆ.

ಕ್ರಮ ಯಾಕೆ ಮುಖ್ಯ ಎಂದರೆ, ಹೊರಗಿನಿಂದ ಒಂದೇ ರೀತಿ ಕಾಣುವ ತಡಕ್ಕೆ ಕಾರಣಗಳು ಬೇರೆ ಬೇರೆ. ಸೊಂಟದ ಕೀಲು ಹುಟ್ಟಿನಿಂದಲೇ ಸರಿಯಾಗಿ ಕೂರದಿರಬಹುದು. ಥೈರಾಯ್ಡ್ ಕೊರತೆ, ರಕ್ತಹೀನತೆ, ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್, ಸೆರೆಬ್ರಲ್ ಪಾಲ್ಸಿ, ಸ್ನಾಯುಗಳ ಕಾಯಿಲೆ, ಯಾವುದೂ ಆಗಿರಬಹುದು. ಸೊಂಟ ಜಾರಿದ ಮಗುವಿಗೆ ನಾವು ಎದ್ದು ಕೂರುವ ಆಟ ಆಡಿಸುತ್ತ ತಿಂಗಳು ಕಳೆದರೆ ಅದು ಆ ಮಗುವಿಗೆ ಮಾಡಿದ ನಷ್ಟ. ಶಿಕ್ಷಕಿಯಾಗಿ ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ, ಆದರೆ ಕೆಲವು ಗುರುತುಗಳು ಕಣ್ಣಿಗೆ ಬೀಳಲೇಬೇಕು. ಕಲಿತದ್ದನ್ನು ಮಗು ಕಳೆದುಕೊಳ್ಳುತ್ತಿದೆಯೇ? ಮೊದಲು ನಿಲ್ಲುತ್ತಿತ್ತು, ಈಗ ಇಲ್ಲ ಎಂದರೆ ಒಂದು ದಿನವೂ ಕಾಯಬಾರದು. ಒಂದೇ ಪಕ್ಕದ ಕೈಕಾಲು ಬಳಸುತ್ತಿದೆಯೇ? ಒಂದು ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಮುಂದೆ ಮಾಡುತ್ತಿತ್ತೇ? ಬಟ್ಟೆ ಬದಲಿಸುವಾಗ ಕಾಲುಗಳು ಕತ್ತರಿಯಂತೆ ಬಿಗಿದುಕೊಳ್ಳುತ್ತವೆಯೇ? ಒಂದು ಕಾಲು ಗಿಡ್ಡವಾಗಿ ಕಾಣುತ್ತದೆಯೇ? ಮಾತು, ನೋಟ, ಕೇಳುವಿಕೆ ಕೂಡ ಹಿಂದುಳಿದಿವೆಯೇ? ಪಾಪುವಿಗೆ ಇವು ಯಾವುವೂ ಇರಲಿಲ್ಲ. ಇದ್ದದ್ದು ತಡ ಮಾತ್ರ. ತೋರಿಸಲು ಅದೊಂದೇ ಸಾಕು.

ಎಲ್ಲಿಗೆ ಕಳಿಸುವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಹುಟ್ಟಿನಿಂದ ಬಂದ ದೋಷ, ಪೋಷಕಾಂಶಗಳ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ತಡ, ಈ ನಾಲ್ಕನ್ನೂ ಅವರು ನೋಡುತ್ತಾರೆ. ಮುಂದಿನ ಪರೀಕ್ಷೆ ಬೇಕಾದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ತಂಡ ಬರುವವರೆಗೂ ಕಾಯಬೇಕೆಂದಿಲ್ಲ. ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೂ ಚೀಟಿ ಪಡೆಯಬಹುದು. ನಾವು ಹೀಗೆಯೇ ಮಾಡಿದೆವು.

ಹೇಳುವುದು ಸುಲಭ. ನಡುವೆ ಒಂದು ವಾರ ನಾನು ಆ ಮಗುವನ್ನು ಕಳೆದುಕೊಳ್ಳುವುದರಲ್ಲಿದ್ದೆ, ಅದನ್ನೂ ಹೇಳಬೇಕು.

ಪಾಪುವಿನ ಅಜ್ಜಿ ಜಾತ್ರೆಯಲ್ಲಿ ಒಂದು ಪ್ಲಾಸ್ಟಿಕ್ ವಾಕರ್ ತಂದಿದ್ದರು: ಸುತ್ತ ಗಾಲಿ, ನಡುವೆ ಬಟ್ಟೆಯ ಆಸನ, ಮುಂದೆ ಪೀಪಿ ಊದುವ ಗುಂಡಿಗಳು. ಮನೆಯಲ್ಲಿ ಸಂಜೆಯೆಲ್ಲ ಅವನು ಅದರಲ್ಲೇ. ಮನೆಭೇಟಿಗೆ ಹೋದಾಗ ಅದನ್ನು ನೋಡಿದ ತಕ್ಷಣ ತರಗತಿಯಲ್ಲಿ ಕಲಿತದ್ದೆಲ್ಲ ನನ್ನ ಬಾಯಿಂದ ಬಂತು. ವಾಕರ್‌ನಲ್ಲಿ ಮಗು ನೇತಾಡುತ್ತಿರುತ್ತದೆ, ತುದಿಗಾಲಲ್ಲಿ ನೆಲ ಒದೆಯುತ್ತದೆ, ತನ್ನ ಪಾದವೇ ಅದಕ್ಕೆ ಕಾಣುವುದಿಲ್ಲ, ಬೀಳದಂತೆ ತಡೆದುಕೊಳ್ಳುವ ಕೆಲಸ ಸೊಂಟಕ್ಕೂ ಬೆನ್ನಿಗೂ ಬರುವುದೇ ಇಲ್ಲ, ಮೆಟ್ಟಿಲಿಂದ ಉರುಳಿ ಬೀಳುವ ಅಪಾಯ ಬೇರೆ, ಕೆನಡಾ ದೇಶ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ ಎಂದೆಲ್ಲ. ಕೊನೆಗೆ ‘ಇದನ್ನು ಎಸೆದುಬಿಡಿ ಅಜ್ಜಿ’ ಅಂದೆ. ಹೇಳಿದ್ದರಲ್ಲಿ ತಪ್ಪೊಂದೂ ಇರಲಿಲ್ಲ. ಅಜ್ಜಿ ನನ್ನ ಮುಖ ನೋಡಿ, ‘ನಮ್ಮ ಮಗನೂ ತಡವಾಗೇ ನಡ್ದಿದ್ದು ಕಣಮ್ಮ. ಗಂಡು ಮಕ್ಳು ನಿಧಾನ’ ಎಂದು ಒಳಗೆ ಹೋದರು. ಮಾರನೆಯ ದಿನದಿಂದ ಪಾಪು ಬರಲಿಲ್ಲ. ಮೂರು ದಿನ ಬರಲಿಲ್ಲ.

ಕೂಸಿನ ಮನೆಯ ಆರೈಕೆದಾರರು ಅದೇ ಊರಿನವರು. ನನ್ನನ್ನು ಕೂರಿಸಿಕೊಂಡು, ‘ಮಿಸ್, ಆ ವಾಕರು ಅಜ್ಜಿ ಹೂ ಮಾರಿದ ದುಡ್ಡಲ್ಲಿ ತಂದಿದ್ದು. ಅವಳ ಸೊಸೆ ಮುಂದೆ ಎಸಿ ಅಂದ್ರೆ ಅವಳಿಗೆ ಹೆಂಗಾಗಬೇಡ?’ ಎಂದರು. ಆ ಸಂಜೆ ಇಬ್ಬರೂ ಹೋದೆವು. ವಾಕರ್ ಸುದ್ದಿಯನ್ನೇ ಎತ್ತಲಿಲ್ಲ. ಅಜ್ಜಿಯ ಮಗ, ಅಂದರೆ ಪಾಪುವಿನ ಅಪ್ಪ, ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳಿದೆ. ‘ಇವನಂಗೇ, ಕೂತ್ಕೊಂಡೇ ಜರುಗ್ತಿದ್ದ’ ಎಂದರು. ಇದನ್ನು ಬರೆದುಕೊಂಡೆ. ಮುಂದೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು, ಏಕೆಂದರೆ ಹೀಗೆ ಕೂತು ಜರುಗುವ ರೂಢಿ ಕೆಲವು ಕುಟುಂಬಗಳಲ್ಲಿ ಬರುತ್ತದೆ, ಅಂಥ ಮಕ್ಕಳು ನಡೆಯುವುದೂ ತಡವಾಗುತ್ತದೆ. ಅಜ್ಜಿ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನಾನು ಅವರ ಮಾತನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿಟ್ಟಿದ್ದೆ.

ಅಂದೇ ಅವರು ದನಿ ತಗ್ಗಿಸಿ ಇನ್ನೊಂದು ಕೇಳಿದರು: ಗ್ರಹಣದ ದಿನ ಮಗುವನ್ನು ಮಣ್ಣಿನಲ್ಲಿ ಹೂತು ನಿಲ್ಲಿಸಿದರೆ ಕಾಲು ಬರುತ್ತದೆ ಎನ್ನುತ್ತಾರಲ್ಲ, ಹೌದೇ? 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕತ್ತಿನವರೆಗೆ ಹೂತಿಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು. ಈ ಸಲ ನಾನು ಭಾಷಣ ಮಾಡಲಿಲ್ಲ. ‘ಬೇಡ ಅಜ್ಜಿ, ಮಣ್ಣಿನೊಳಗೆ ಕಾಲು ಅಲ್ಲಾಡೋದೇ ಇಲ್ಲ, ಅಲ್ಲಾಡಿದರೆ ತಾನೇ ಬಲ ಬರೋದು? ಮಗುಗೂ ಉಸಿರು ಕಟ್ಟುತ್ತೆ’ ಎಂದೆ. ಅವರಿಗೆ ಒಪ್ಪಿಗೆಯಾಯಿತು.

ಜಿಲ್ಲಾ ಕೇಂದ್ರಕ್ಕೆ ಹೋಗುವುದೆಂದರೆ ತಾಯಿಗೆ ಒಂದು ದಿನದ ಕೂಲಿ ಹೋದಂತೆ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ‘ಪೋಷಕರ ನಿರ್ಲಕ್ಷ್ಯ’ ಎಂದು ನಾವು ವರದಿಯಲ್ಲಿ ಸಲೀಸಾಗಿ ಬರೆಯುವ ಎಷ್ಟೋ ಸಂಗತಿಗಳ ಹಿಂದೆ ಇಂಥ ಲೆಕ್ಕ ಇರುತ್ತದೆ. ಕೊನೆಗೆ ತಾಯಿ, ಅಜ್ಜಿ, ನಾನು ಮೂವರೂ ಹೋದೆವು.

ಮಕ್ಕಳ ಡಾಕ್ಟರು ಸೊಂಟದ ಕೀಲು, ಮಂಡಿಯ ಪ್ರತಿಕ್ರಿಯೆ, ತಲೆಯ ಸುತ್ತಳತೆ, ಮಣಿಕಟ್ಟು ಎಲ್ಲ ನೋಡಿ ರಕ್ತ ಪರೀಕ್ಷೆ ಬರೆದರು. ತಿಳಿದದ್ದಿಷ್ಟು: ನರಗಳ ಕಾಯಿಲೆಯ ಗುರುತುಗಳಿಲ್ಲ, ಥೈರಾಯ್ಡ್ ಸರಿಯಿದೆ, ರಕ್ತಹೀನತೆ ಇದೆ, ಸ್ನಾಯುಗಳ ಟೋನ್ ಕಡಿಮೆ ಇದೆ. ಮೂರು ತಿಂಗಳಿಗೆ ಮತ್ತೆ ತೋರಿಸಬೇಕು.

ಟೋನ್ ಮತ್ತು ಬಲ ಒಂದೇ ಅಲ್ಲ ಎಂಬುದು ಅಲ್ಲಿನ ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳುವವರೆಗೂ ನನಗೆ ಗೊತ್ತಿರಲಿಲ್ಲ. ಸುಮ್ಮನೆ ಇರುವಾಗಲೂ ಸ್ನಾಯುವಿನಲ್ಲಿ ಉಳಿದಿರುವ ಬಿಗಿಯೇ ಟೋನ್. ಬೇಕೆಂದಾಗ ಹಾಕುವ ಶಕ್ತಿ ಬಲ. ಟೋನ್ ಕಡಿಮೆ ಇರುವ ಮಗುವನ್ನು ಎತ್ತಿಕೊಂಡರೆ ಕೈಯಿಂದ ಜಾರಿದಂತಾಗುತ್ತದೆ, ಕೀಲುಗಳು ಅಗತ್ಯಕ್ಕಿಂತ ಹೆಚ್ಚು ಬಾಗುತ್ತವೆ. ವ್ಯಾಯಾಮದಿಂದ ಟೋನ್ ಅಷ್ಟಾಗಿ ಬದಲಾಗುವುದಿಲ್ಲ, ಬಲ ಬೆಳೆಯುತ್ತದೆ. ಇಂಥ ಮಕ್ಕಳು ಬಲ ಹಾಕುವ ಬದಲು ಉಪಾಯ ಮಾಡುತ್ತಾರೆ. ಮಂಡಿಯನ್ನು ಹಿಂದಕ್ಕೆ ಒತ್ತಿ ಬೀಗ ಹಾಕಿದಂತೆ ನಿಲ್ಲುವುದು ಅಂಥದ್ದೊಂದು ಉಪಾಯ; ಮೂಳೆಯ ಮೇಲೆ ಮೂಳೆ ನಿಂತಿರುತ್ತದೆ, ಸ್ನಾಯುವಿಗೆ ಕೆಲಸವಿಲ್ಲ. ಕೂತಾಗ ಕಾಲು ಅಗಲಿಸಿ ಚಕ್ಕಳ ಹಾಕಿದವರಂತೆ ಗಟ್ಟಿಯಾಗಿ ತಳವೂರುವುದು ಇನ್ನೊಂದು. ಹಾಗೆ ಕೂತರೆ ಪಕ್ಕಕ್ಕೆ ತಿರುಗುವುದು, ಒಂದು ಕಡೆ ವಾಲಿ ಹಿಂದಿರುಗುವುದು ಬೇಕಾಗುವುದಿಲ್ಲ. ಏಳಬೇಕಾದರೆ ಬೇಕಾದದ್ದು ಆ ತಿರುಗುವಿಕೆಯೇ.

ಆಮೇಲೆ ಅವರು ನನಗೊಂದು ಪರೀಕ್ಷೆ ಇಟ್ಟರು. ‘ನೀವು ದಿನಾ ನಡೆಸೋ ಹಾಗೆ ನಡೆಸಿ’ ಎಂದರು. ಎರಡು ಕೈ ಹಿಡಿದು ಐದು ಹೆಜ್ಜೆ ನಡೆಸಿದೆ. ‘ಈಗ ನಿಮ್ಮ ಹಿಡಿತ ಸ್ವಲ್ಪ ಸಡಿಲ ಮಾಡಿ.’ ಮಾಡಿದೆ, ಪಾಪು ಸೀದಾ ಕೆಳಗೆ ಕುಸಿದ. ಅವನ ಭಾರವನ್ನು ಅಷ್ಟೂ ದಿನ ಹೊತ್ತದ್ದು ನನ್ನ ತೋಳುಗಳು, ಅವನು ಕಾಲು ಆಡಿಸುತ್ತಿದ್ದ ಅಷ್ಟೇ. ನಂತರ ಅವರು ಅವನನ್ನು ಒಂದು ಬೆಂಚಿನ ಮುಂದೆ ನಿಲ್ಲಿಸಿ, ಬೆಂಚಿನ ಮೇಲೆ ಅವನ ಕೈ ಊರಿಸಿ, ತಾವು ಸೊಂಟವನ್ನು ಎರಡು ಪಕ್ಕದಿಂದ ಹಿಡಿದರು. ಹಿಡಿತ ಸಡಿಲಿಸಿದರು. ಎರಡು ಮೂರು ಸೆಕೆಂಡು ಅವನು ನಿಂತೇ ಇದ್ದ, ಮಂಡಿ ಸ್ವಲ್ಪ ಬಾಗಿ, ಕಾಲು ನಡುಗುತ್ತ. ‘ಈ ನಡುಕ ಕಾಣ್ತಿದೆಯಲ್ಲ, ಇದು ಕೆಲಸ’ ಎಂದರು.

ಬಾಗಿ ಏಳುವ ದಾರಿಯ ಉದ್ದಕ್ಕೂ ತನ್ನ ಭಾರವನ್ನು ತಾನೇ ಹೊತ್ತಾಗ ಸ್ನಾಯು ಬಲಗೊಳ್ಳುತ್ತದೆ. ಈ ಒಂದು ಮಾತು ಅರ್ಥವಾದ ಮೇಲೆ ಉಳಿದದ್ದೆಲ್ಲ ಕೋಣೆ ಜೋಡಿಸುವ ಕೆಲಸ. ನಮ್ಮ ಉಪನ್ಯಾಸಕಿ ಅಂಚಿನಲ್ಲಿ ಬರೆದ ಪ್ರಶ್ನೆಗೂ ಉತ್ತರ ಆಗಲೇ ಸಿಕ್ಕಿದ್ದು. ಪಾಪುವಿನ ಉದ್ದೇಶ ನಡೆಯುವುದಾಗಿರಲಿಲ್ಲ. ಅವನಿಗೆ ಟ್ರ್ಯಾಕ್ಟರ್ ನೋಡಬೇಕಿತ್ತು.

ಕೂಸಿನ ಮನೆಯ ರಸ್ತೆಯ ಕಡೆ ಒಂದು ಕಿಟಕಿ ಇದೆ, ಒಳಗಡೆ ಅದರ ಕೆಳಗೆ ಗಾರೆಯ ಕಟ್ಟೆ. ಟ್ರ್ಯಾಕ್ಟರ್ ಸದ್ದು ಕೇಳಿದರೆ ಪಾಪು ಕೈ ಚಾಚಿ ಅಳುತ್ತಿದ್ದ, ಯಾರಾದರೂ ಎತ್ತಿ ತೋರಿಸುತ್ತಿದ್ದರು. ಎತ್ತುವುದನ್ನು ನಿಲ್ಲಿಸಿದೆವು. ಕಟ್ಟೆಯ ಮುಂದೆ ನಾನು ನೆಲದ ಮೇಲೆ ಕಾಲು ಮಡಚಿ ಕೂತು, ನನ್ನ ತೊಡೆಯನ್ನೇ ಅವನಿಗೆ ಸ್ಟೂಲ್ ಮಾಡಿದೆ. ಎತ್ತರ ಮುಖ್ಯ: ಅವನ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಹೆಚ್ಚುಕಡಿಮೆ ಲಂಬ ಕೋನದಲ್ಲಿರಬೇಕು. ತೊಡೆ ಎತ್ತರವಾದಷ್ಟೂ ಏಳುವುದು ಸುಲಭ. ದಿನ ಕಳೆದಂತೆ ತಗ್ಗಿಸುತ್ತ ಹೋಗಬೇಕು. ಕೈ ಹಿಡಿಯಬಾರದು, ಕಂಕುಳಿಗೆ ಕೈ ಕೊಡಬಾರದು, ಸೊಂಟ ಮಾತ್ರ. ಅವನು ಮುಂದೆ ಬಾಗಿ, ಮಂಡಿ ಬೆರಳುಗಳ ಮೇಲೆ ಬಂದಾಗ ಸೊಂಟವನ್ನು ಸ್ವಲ್ಪ ಮುಂದಕ್ಕೆ ಒತ್ತಿದರೆ ಸಾಕು, ಉಳಿದದ್ದು ಅವನದು. ಕಟ್ಟೆ ಹಿಡಿದು ಎದ್ದು ನೋಡುತ್ತಾನೆ. ಟ್ರ್ಯಾಕ್ಟರ್ ಹೋದ ಮೇಲೆ ದಡಕ್ಕನೆ ಕೂರಲು ಬಿಡದೆ ನಿಧಾನವಾಗಿ ಕೂರುವಂತೆ ಸೊಂಟಕ್ಕೆ ಕೈ ಕೊಡುತ್ತಿದ್ದೆ. ಏಳುವುದಕ್ಕಿಂತ ನಿಧಾನವಾಗಿ ಇಳಿಯುವುದು ಕಷ್ಟದ ಕೆಲಸ, ಬಲವೂ ಅದರಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬೇಕಿದ್ದರೆ ನೀವೇ ಕುಕ್ಕರಗಾಲಿಗೆ ನಿಧಾನವಾಗಿ ಇಳಿದು ನೋಡಿ.

ಟ್ರ್ಯಾಕ್ಟರ್ ಇಲ್ಲದ ಹೊತ್ತಿಗೆ ಬೇರೆ ಕಾರಣಗಳು ಬೇಕು. ಹುಣಸೆ ಬೀಜಗಳನ್ನು ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತಿದ ಡಬ್ಬ ಅವನಿಗೆ ಪ್ರಾಣ. (ಬೀಜ ಹೊರಬಂದರೆ ಗಂಟಲಿಗೆ ಸಿಕ್ಕೀತು, ದಿನಾ ಟೇಪ್ ನೋಡಲೇಬೇಕು.) ಮೊದಲು ಅದನ್ನು ಎದುರಿಗೆ ಇಡುತ್ತಿದ್ದೆ, ಜರುಗಿ ಬಂದು ತೆಗೆದುಕೊಳ್ಳುತ್ತಿದ್ದ. ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ಇಟ್ಟಾಗ ಮೈ ತಿರುಗಿಸಿ ಒಂದು ಕೈ ಊರಿ ಇನ್ನೊಂದು ಕೈ ಚಾಚಬೇಕಾಯಿತು. ಎಡಕ್ಕೆ ಮಾಡಿದಷ್ಟೇ ಸಲ ಬಲಕ್ಕೂ ಮಾಡಬೇಕು. ಡಬ್ಬವನ್ನು ನನ್ನ ಚಾಚಿದ ಕಾಲುಗಳ ಆಚೆ ಇಟ್ಟರೆ ಕಾಲನ್ನು ದಾಟಿ ಬರಬೇಕು, ಅಲ್ಲಿ ಜರುಗುವ ಉಪಾಯ ನಡೆಯುವುದಿಲ್ಲ. ಮೂರನೆಯ ವಾರಕ್ಕೆ ಮಡಚಿಟ್ಟ ಜಮಖಾನಗಳ ಗುಡ್ಡ ಹತ್ತಿದ. ಹತ್ತುವಾಗ ಕೈ, ಮಂಡಿ ಎರಡನ್ನೂ ಊರಲೇಬೇಕಾಗುತ್ತದೆ. ನಾವು ಅಂಬೆಗಾಲು ಕಲಿಸಲಿಲ್ಲ, ಗುಡ್ಡ ಕಲಿಸಿತು.

ಅಜ್ಜಿ ತಂದ ವಾಕರ್ ಏನಾಯಿತು ಎಂದು ಕೇಳುವಿರಿ. ಆರೈಕೆದಾರರ ಸಲಹೆಯಂತೆ ಅದನ್ನು ಎಸೆಯಲಿಲ್ಲ. ಬಟ್ಟೆಯ ಆಸನ ಬಿಚ್ಚಿ, ಗಾಲಿ ತೆಗೆದು, ಪೀಪಿ ಊದುವ ಭಾಗವನ್ನು ಮನೆಯ ಜಗಲಿಯ ಮೇಲೆ ಇಟ್ಟರು. ಜಗಲಿ ಪಾಪುವಿನ ಎದೆಮಟ್ಟ. ಪೀಪಿ ಊದಬೇಕಾದರೆ ನಿಲ್ಲಬೇಕು. ಈ ಉಪಾಯ ಅಜ್ಜಿಯದೇ.

ಮರದ ಮೂರು ಗಾಲಿಯ ತಳ್ಳುಗಾಡಿಯ ವಿಷಯ ಬೇರೆ. ಅದರಲ್ಲಿ ಮಗು ತನ್ನ ಕಾಲ ಮೇಲೆ ನಿಂತು ತಳ್ಳುತ್ತದೆ. ಆದರೆ ಕಟ್ಟೆ ಹಿಡಿದು ಪಕ್ಕಕ್ಕೆ ನಡೆಯಲು ಬಾರದ ಮಗುವಿಗೆ ಅದನ್ನು ಕೊಟ್ಟರೆ ಗಾಡಿ ಮುಂದೋಡುತ್ತದೆ, ಮಗು ಹಿಂದೆ ಬೋರಲು ಬೀಳುತ್ತದೆ. ನಾವು ಹತ್ತನೆಯ ವಾರದವರೆಗೆ ಅದನ್ನು ಮುಟ್ಟಲಿಲ್ಲ. ಆಮೇಲೂ ಅದರ ಮೇಲೆ ಮರಳಿನ ಚೀಲ ಕಟ್ಟಿ ಭಾರ ಮಾಡಿ ಕೊಟ್ಟೆವು. ಭಾರ ಇದ್ದರೆ ನಿಧಾನ, ತಳ್ಳುವಾಗ ತೊಡೆಗೂ ಹೊಟ್ಟೆಗೂ ಕೆಲಸ.

ಎಷ್ಟು ಹೊತ್ತು ಮಾಡಿಸಬೇಕು ಎಂಬುದರಲ್ಲೂ ನಾನು ತಪ್ಪಿದ್ದೆ. ಅರ್ಧ ಗಂಟೆಯ ‘ಅವಧಿ’ ನಮ್ಮ ವೇಳಾಪಟ್ಟಿಯ ಅಭ್ಯಾಸ. ಟೋನ್ ಕಡಿಮೆ ಇರುವ ಮಗು ಬೇಗ ದಣಿಯುತ್ತದೆ, ದಣಿದ ಮೇಲೆ ಮತ್ತೆ ಉಪಾಯಕ್ಕೆ ಇಳಿಯುತ್ತದೆ: ಮಂಡಿ ಬೀಗ ಹಾಕುತ್ತದೆ, ಕಟ್ಟೆಯ ಮೇಲೆ ಹೊಟ್ಟೆ ಒರಗಿಸುತ್ತದೆ, ಕಾಲುಗಳನ್ನು ಎರಡು ಪಕ್ಕಕ್ಕೆ ಹಿಂದಕ್ಕೆ ಮಡಚಿ ಕುಸಿದು ಕೂರುತ್ತದೆ. ಆ ನಂತರದ ಸಮಯದಲ್ಲಿ ಮಗು ಅಭ್ಯಾಸ ಮಾಡುವುದು ತಪ್ಪನ್ನೇ. ಮೂರು ನಾಲ್ಕು ನಿಮಿಷ, ದಿನಕ್ಕೆ ಆರೇಳು ಸಲ, ಇಷ್ಟು ಸಾಕು. ಊಟಕ್ಕೆ ಮುಂಚೆ ಕೈ ತೊಳೆಯುವಾಗ ಬಕೆಟ್ಟಿನ ಮುಂದೆ ಎದ್ದು ನಿಲ್ಲುವುದು, ಆಟಿಕೆಗಳನ್ನು ನೆಲದಿಂದ ಹೆಕ್ಕಿ ಕಟ್ಟೆಯ ಮೇಲಿನ ಬುಟ್ಟಿಗೆ ಹಾಕುವುದು, ಮನೆಯಲ್ಲಿ ಅಜ್ಜಿ ಹೂ ಕಟ್ಟುವಾಗ ಎಸಳು ಎತ್ತಿ ಕೊಡುವುದು. ಹೀಗೆ ದಿನದೊಳಗೆ ಸೇರಿಹೋದರೆ ತಾಯಿಗೆ ಬೇರೆ ಸಮಯ ಹುಡುಕಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಕೆರೆ ಕೆಲಸಕ್ಕೆ ಹೋಗಿ ಬಂದು ಅಡುಗೆ ಮಾಡುವವಳಿಗೆ ವ್ಯಾಯಾಮದ ಪಟ್ಟಿ ಕೊಟ್ಟು ‘ದಿನಾ ಮಾಡಿಸಿ’ ಎನ್ನುವುದರಲ್ಲಿ ಅರ್ಥವಿಲ್ಲ.

ಒಳಗೆ ಬರಿಗಾಲು. ಬೂಟಿನಲ್ಲಿ ಪಾದಕ್ಕೆ ನೆಲ ತಿಳಿಯುವುದಿಲ್ಲ. ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿ ನಿಲ್ಲಿಸುವುದಂತೂ ಬೇಡವೇ ಬೇಡ.

ರಕ್ತಹೀನತೆಯ ಕತೆ ಇನ್ನೂ ಉಳಿದಿದೆ. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದು ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊಡಬೇಕು. ಪಾಪುವಿನ ಮನೆಯಲ್ಲಿ ಬಾಟಲಿ ಇತ್ತು, ಅರ್ಧಕ್ಕಿಂತ ಹೆಚ್ಚು ತುಂಬಿಯೇ ಇತ್ತು. ಮಗುವಿನ ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಿದ್ದರು. ಕಬ್ಬಿಣಾಂಶ ಕುಡಿದರೆ ಮಲ ಕಪ್ಪಾಗುವುದು ಸಹಜ ಎಂದು ಒಂದು ವಾಕ್ಯ ಅವರಿಗೆ ಯಾರೂ ಹೇಳಿರಲಿಲ್ಲ. ಈಗ ರಕ್ತಹೀನತೆ ಇರುವುದರಿಂದ ಡಾಕ್ಟರು ಬೇರೆ ಪ್ರಮಾಣ ಬರೆದಿದ್ದಾರೆ, ಅದು ಅವನ ಮಟ್ಟಿಗೆ. ಇನ್ನೊಂದು ಮಗುವಿಗೆ ನಾವು ಹೇಳುವಂತಿಲ್ಲ. ಸಿರಪ್ ಮತ್ತೆ ಶುರುವಾಗಿ ಒಂದೂವರೆ ತಿಂಗಳಾದ ಮೇಲೆ ಪಾಪು ಸಂಜೆ ನಾಲ್ಕಕ್ಕೂ ಆಡುತ್ತಿದ್ದ. ಮೊದಲು ಎರಡು ಗಂಟೆಗೇ ಮಂಕಾಗುತ್ತಿದ್ದ. ಬಲ ಬಂದದ್ದರಲ್ಲಿ ಸಿರಪ್‌ನ ಪಾಲೆಷ್ಟು, ಕಟ್ಟೆಯ ಪಾಲೆಷ್ಟು ಎಂದು ಬಿಡಿಸಲು ಹೋಗುವುದಿಲ್ಲ.

ದಾಖಲೆಯ ಬಗ್ಗೆ ಎರಡು ಮಾತು. ‘ಪ್ರಗತಿಯಾಗಿದೆ’ ಎಂಬ ಶಬ್ದವನ್ನು ನಾನು ಪುಸ್ತಕದಲ್ಲಿ ಬರೆಯುವುದನ್ನೇ ಬಿಟ್ಟೆ. ಬದಲಿಗೆ ಅಳೆಯಬಹುದಾದದ್ದನ್ನು ಬರೆದೆ: ತೊಡೆಯಿಂದ ಎಷ್ಟು ಸಲ ಎದ್ದ, ನನ್ನ ಕೈ ಸೊಂಟದ ಮೇಲೆ ಇತ್ತೋ ಇಲ್ಲವೋ, ಎರಡು ಬೆಂಚುಗಳ ನಡುವೆ ಎಷ್ಟು ಗೇಣು ಅಂತರ ದಾಟಿದ. ಬೆಂಚಿನ ಆಟ ಹೀಗೆ: ಮೊದಲು ಎರಡು ಬೆಂಚು ಕೂಡಿಸಿ ಅದರ ಉದ್ದಕ್ಕೂ ಹಿಡಿದು ನಡೆಯಲು ಬಿಡುವುದು, ಆಮೇಲೆ ನಡುವೆ ಬೆರಳಷ್ಟು ಜಾಗ, ಆಮೇಲೆ ಗೇಣು. ಒಂದು ಬೆಂಚಿನಿಂದ ಕೈ ಬಿಟ್ಟು ಇನ್ನೊಂದನ್ನು ಹಿಡಿಯುವ ನಡುವಿನ ಆ ಕ್ಷಣದಲ್ಲಿ ಮಗು ಯಾರ ಆಸರೆಯೂ ಇಲ್ಲದೆ ನಿಂತಿರುತ್ತದೆ, ಅದಕ್ಕೆ ಗೊತ್ತೂ ಇರುವುದಿಲ್ಲ.

ಆರನೆಯ ವಾರ: ತೊಡೆಯಿಂದ ನಾಲ್ಕು ಸಲ, ಸೊಂಟಕ್ಕೆ ಕೈ ಕೊಟ್ಟು. ಒಂಬತ್ತನೆಯ ವಾರ: ಎಂಟು ಸಲ, ಕೈ ಇಲ್ಲದೆ. ಹನ್ನೊಂದನೆಯ ವಾರ ಜ್ವರ ಬಂದು ಐದು ದಿನ ಬರಲಿಲ್ಲ. ಬಂದಾಗ ಮತ್ತೆ ನಾಲ್ಕು ಸಲ. ಅಂದು ನಾನು ಅತ್ತೆ. ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿದಾಗ, ಜ್ವರದ ನಂತರ ಹೀಗಾಗುವುದುಂಟು, ಎರಡು ವಾರ ನೋಡಿ, ಆಗಲೂ ಬರದಿದ್ದರೆ ಕರೆತನ್ನಿ ಎಂದರು. ಹತ್ತು ದಿನದಲ್ಲಿ ಎಂಟಕ್ಕೆ ಬಂದ.

ಹದಿನಾಲ್ಕನೆಯ ವಾರದ ಕೊನೆಯ ದಿನ ಪಾಪು ಇನ್ನೂ ನಡೆದಿರಲಿಲ್ಲ. ಕಟ್ಟೆಯ ಉದ್ದಕ್ಕೂ ಎರಡೂ ದಿಕ್ಕಿಗೆ ನಡೆಯುತ್ತಿದ್ದ. ಬೆಂಚುಗಳ ನಡುವಿನ ಅಂತರ ಒಂದೂವರೆ ಗೇಣು. ಒಂದು ಕೈ ಕಟ್ಟೆಯ ಮೇಲಿಟ್ಟು ಕುಕ್ಕರಗಾಲಿಗೆ ಇಳಿದು ಡಬ್ಬ ಎತ್ತಿಕೊಂಡು ಏಳುತ್ತಿದ್ದ, ಮಂಡಿ ಬೀಗ ಹಾಕದೆ. ಮೂರು ತಿಂಗಳ ಮರುಪರೀಕ್ಷೆ ಎರಡು ವಾರ ಬಾಕಿ ಇತ್ತು. ಅಜ್ಜಿ ತಾವೇ ಕರೆದೊಯ್ಯುತ್ತೇನೆ, ಸೊಸೆಯ ಕೂಲಿ ತಪ್ಪಿಸುವುದಿಲ್ಲ ಎಂದಿದ್ದರು. ಅವಲೋಕನ ಪುಸ್ತಕದ ಒಂದು ಪ್ರತಿಯನ್ನು ಆರೈಕೆದಾರರಿಗೆ ಕೊಟ್ಟು ಬಂದಿದ್ದೇನೆ. ಕೊನೆಯ ಪುಟದಲ್ಲಿ ಮುಂದೆ ಮಾಡಬೇಕಾದದ್ದನ್ನು ಬರೆದಿದೆ: ಬೆಂಚಿನ ಅಂತರ ಎರಡು ಗೇಣಿಗೆ, ತೊಡೆಯ ಬದಲು ಮಣೆ, ಹೊಸ್ತಿಲು ಹಿಡಿದು ದಾಟುವುದು. ಆ ಕೇಂದ್ರಕ್ಕೆ ಹೋಗುವ ಪ್ರಶಿಕ್ಷಣಾರ್ಥಿ ಮೊದಲು ಆ ಪುಟ ನೋಡಲಿ. ಡಬ್ಬದ ಟೇಪ್ ಕೂಡ.